ಕುರ್ಚಿ ರೀಡಿಂಗ್

ನಮ್ಮ ಕೆಲಸದಲ್ಲಿ ಕುರ್ಚಿ ರೀಡಿಂಗ್ ಅಂತ ಒಂದಿದೆ. ಹೊರಗಿನವರಿಗೆ ಗೊತ್ತಿರುವುದಿಲ್ಲ, ಗೊತ್ತಾಗಲೂ ಬಾರದು. ನಾನು ನೀರಿನ ಮೀಟರು ಓದುವವಳು. ತಿಂಗಳಿಗೆ ಆರುನೂರು ಮೀಟರು, ಹದಿನಾಲ್ಕು ವರ್ಷದಿಂದ. ಹೆಚ್ಚಿನವು ನೆಲದೊಳಗಿನ ಗುಂಡಿಯಲ್ಲಿ, ಕಲ್ಲುಚಪ್ಪಡಿಯ ಕೆಳಗಿರುತ್ತವೆ. ಕೊಕ್ಕೆ ಹಾಕಿ ಚಪ್ಪಡಿ ಎತ್ತಬೇಕು, ಬಗ್ಗಬೇಕು, ಟಾರ್ಚು ಬಿಡಬೇಕು, ಗಾಜು ಒರೆಸಬೇಕು, ಅಂಕಿ ಬರೆಯಬೇಕು. ಬೀಗ ಬಿದ್ದು ವರ್ಷಗಳಾದ ಮನೆಗೆ ಇಷ್ಟೆಲ್ಲ ಯಾರು ಮಾಡುತ್ತಾರೆ? ಕಳೆದ ತಿಂಗಳ ಅಂಕಿಯನ್ನೇ ಈ ತಿಂಗಳಿಗೂ ಇಳಿಸಿ ಮುಂದಕ್ಕೆ ಹೋಗುವುದು. ಆಫೀಸಿನ ಕುರ್ಚಿಯಲ್ಲಿ ಕೂತೇ ಬರೆಯಬಹುದಾದ ರೀಡಿಂಗ್ ಆದ್ದರಿಂದ ಆ ಹೆಸರು. ನನಗೆ ಕೆಲಸ ಕಲಿಸಿದ ಹಿರಿಯ ರೀಡರು ಮೊದಲ ವಾರವೇ ಹೇಳಿಕೊಟ್ಟಿದ್ದ: "ಖಾಲಿ ಮನೆಗೆ ಬಗ್ಗಬೇಡಮ್ಮ, ಸೊಂಟ ಒಂದೇ ಇರೋದು."

ಹೀಗೆ ಹಳೇ ನರ್ಸುಗಳ ಹಾಸ್ಟೆಲಿನ ಮುಂದೆ ನಾನು ಇಪ್ಪತ್ತನಾಲ್ಕು ತಿಂಗಳು ನಾನೂರ ಹನ್ನೆರಡು ಅಂತ ಬರೆದೆ. ಮೊದಲ ಹದಿನೈದು ತಿಂಗಳು ನೋಡಿ ಬರೆದದ್ದು. ಆಮೇಲಿನ ಒಂಬತ್ತು ತಿಂಗಳು ಚಪ್ಪಡಿಯ ಮೇಲೆ ನಿಂತುಕೊಂಡು ಬರೆದೆ. ಅದೂ ಯಾರಿಗಾಗಿ ಬರೆದೆ ಅಂದರೆ, ನಮ್ಮವರಿಗಾಗಿಯೇ.

ಮನೆಯಿಲ್ಲದವರಿಗೆ ಸೂರು ಹುಡುಕುವ ನಮ್ಮ ಗುಂಪಿಗೆ ಊರಿನಲ್ಲಿ ಬೀಗದ ಸಂಘ ಅಂತ ಹೆಸರು. ನಾವಿಟ್ಟದ್ದಲ್ಲ, ಆಡಿಕೊಳ್ಳುವವರು ಇಟ್ಟದ್ದು. ತುಕ್ಕು ಹಿಡಿದ ಬೀಗ ಕಂಡಲ್ಲಿ ನಿಂತು ಫೋಟೋ ತೆಗೆಯುತ್ತೇವಲ್ಲ, ಅದಕ್ಕೆ. ಎರಡು ವರ್ಷ ಸತತವಾಗಿ ನೀರು, ಕರೆಂಟು ಬಳಸದೆ ಬಿದ್ದಿರುವ ಕಟ್ಟಡವನ್ನು ನಗರಸಭೆ ವಶಕ್ಕೆ ತೆಗೆದುಕೊಂಡು ಮನೆಯಿಲ್ಲದವರ ಸಂಘಕ್ಕೆ ಬಾಡಿಗೆಗೆ ಕೊಡಬಹುದು ಎಂಬ ನಿಯಮವೊಂದು ಯಾವುದೋ ಕಡತದಲ್ಲಿ ಧೂಳು ತಿನ್ನುತ್ತಾ ಕೂತಿತ್ತು. ಅದನ್ನು ಎಳೆದು ಹೊರಗೆ ತಂದವರು ಲೆಕ್ಕದ ಮೇಷ್ಟ್ರು. ನಿವೃತ್ತರಾಗಿ ಎಂಟು ವರ್ಷವಾದರೂ ಅಧಿಕಾರಿಗಳನ್ನು ಹೋಂವರ್ಕ್ ಮರೆತು ಬಂದ ಹುಡುಗರ ಹಾಗೆಯೇ ಮಾತಾಡಿಸುತ್ತಾರೆ. ಹಾಸ್ಟೆಲಿನ ಎದುರಿನ ಚಹದಂಗಡಿಯ ಬೆಂಚಿನ ಮೇಲೆ ದಿನಾ ಎರಡು ಗಂಟೆ ಕೂತು, ಒಳಗೆ ಯಾರೂ ಹೋಗಲಿಲ್ಲ, ಹೊರಗೆ ಯಾರೂ ಬರಲಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅವರ ನೋಟ್‌ಬುಕ್ಕು, ನನ್ನ ರೀಡಿಂಗು, ಈ ಎರಡರ ಮೇಲೆಯೇ ನಮ್ಮ ಅರ್ಜಿ ನಿಂತಿತ್ತು.

ಹಾಸ್ಟೆಲಿನಲ್ಲಿ ಇಪ್ಪತ್ತೆರಡು ಕೋಣೆ. ನಮ್ಮ ಪಟ್ಟಿಯಲ್ಲಿ ಇಪ್ಪತ್ತೆರಡು ಸಂಸಾರ. ಹತ್ತೊಂಬತ್ತನೆಯದು ನನ್ನ ತಂಗಿಯದು.

ತಂಗಿ ಇರುವುದು ಇಸ್ತ್ರಿ ಅಂಗಡಿಯ ಹಿಂದಿನ ಗೋದಾಮಿನಲ್ಲಿ. ನಡುವೆ ಒಂದು ಹೂವಿನ ಬೆಡ್‌ಶೀಟು ಕಟ್ಟಿ ಈ ಕಡೆ ಅವಳು, ಗಂಡ, ಎರಡು ಹೆಣ್ಣುಮಕ್ಕಳು; ಆ ಕಡೆ ಒಬ್ಬ ಮುದುಕ, ಮುದುಕಿ. ಆ ಕಡೆ ಮಗ್ಗುಲು ಬದಲಾಯಿಸಿದರೆ ಈ ಕಡೆ ಬೆಡ್‌ಶೀಟು ಅಲುಗುತ್ತದೆ. ಅಂಗಡಿಯವನು ತಿಂಗಳ ಕೊನೆಗೆ ಎಲ್ಲರೂ ಖಾಲಿ ಮಾಡಬೇಕು ಅಂದಿದ್ದ. ನನ್ನ ಜೊತೆ ಇಟ್ಟುಕೊಳ್ಳೋಣವೆಂದರೆ ನನಗಿರುವುದು ಕೆಲಸಗಾರ ಹೆಂಗಸರ ವಸತಿಯಲ್ಲಿ ಒಂದು ಮಂಚ. ಹಾಸ್ಟೆಲಿನ ಕೋಣೆ ಸಿಗದಿದ್ದರೆ ಆ ಮಕ್ಕಳು ಬೀದಿಗೆ ಬೀಳುವುದು ಖಂಡಿತವಾಗಿತ್ತು.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಚಹಾ ಕುಡಿಯುತ್ತಾ ಹೇಳಿದರು. "ಗುರುವಾರ ಹತ್ತು ಗಂಟೆಗೆ ತಪಾಸಣೆ. ಅಧಿಕಾರಿ ಬರ್ತಾರೆ, ಮಾಲೀಕರ ವಕೀಲ ಬರ್ತಾನೆ. ಮೀಟರಿನ ಗುಂಡಿ ತೆಗೆಸಿ ನೋಡ್ತಾರಂತೆ. ನಮಗೇನಮ್ಮಾ ಭಯ? ನೀನು ತಿಂಗಳು ತಿಂಗಳು ಕಣ್ಣಾರೆ ನೋಡಿದೀಯಲ್ಲ."

ಲೋಟ ಕೆಳಗಿಟ್ಟೆ. "ಹೂಂ, ನೋಡಿದೀನಿ," ಅಂದೆ.

ಅವತ್ತು ಮಧ್ಯಾಹ್ನ ನನ್ನ ಬೀದಿಗಳನ್ನೆಲ್ಲ ಬಿಟ್ಟು ಹಾಸ್ಟೆಲಿನ ಹಿಂದಿನ ಓಣಿಗೆ ಹೋದೆ. ಮೀಟರಿನ ಗುಂಡಿ ಅಲ್ಲಿ, ಮೊದಲ ಮಹಡಿಯ ಬಚ್ಚಲುಮನೆಗಳ ಕಿಟಕಿಯ ನೇರ ಕೆಳಗಿದೆ. ಏನೂ ಆಗಿರುವುದಿಲ್ಲ, ಸುಮ್ಮನೆ ಒಂದು ಸಲ ನೋಡಿಬಿಡೋಣ ಅಂತ ನನಗೆ ನಾನೇ ಹೇಳಿಕೊಂಡೆ. ಒಂಬತ್ತು ತಿಂಗಳ ಮಣ್ಣು ಕೂತು ಚಪ್ಪಡಿ ಕಚ್ಚಿಕೊಂಡಿತ್ತು. ಎರಡು ಸಲ ಕೊಕ್ಕೆ ಜಾರಿತು. ಮೂರನೇ ಸಲಕ್ಕೆ ಎದ್ದಿತು. ಮಂಡಿಯೂರಿ ಟಾರ್ಚು ಬಿಟ್ಟು ಗಾಜು ಒರೆಸಿದೆ.

ನಾನೂರ ಹತ್ತೊಂಬತ್ತು.

ಕಣ್ಣು ಮೋಸ ಮಾಡಿತೇನೋ ಅಂತ ಮತ್ತೆ ಒರೆಸಿದೆ. ಅಂಕಿ ಬದಲಾಗಲಿಲ್ಲ. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಮೀಟರಿನ ಮುಖದ ಮೇಲೆ ಬೇಳೆಯಷ್ಟು ಚಿಕ್ಕದೊಂದು ಕೆಂಪು ಚಕ್ರವಿರುತ್ತದೆ, ಸಣ್ಣಗೆ ನೀರು ಹೋದರೂ ತಿರುಗುತ್ತದೆ. ಆ ಚಕ್ರ ತಿರುಗುತ್ತಿತ್ತು. ನಾನು ನೋಡುತ್ತಿದ್ದಂತೆ ನಿಂತಿತು. ಮೇಲೆ ಎಲ್ಲೋ ತಂಬಿಗೆ ಕೆಳಗಿಟ್ಟ ಸದ್ದಾಯಿತು.

ಹೊರಗೆ ಬೀಗ, ಕಿಟಕಿಗಳಿಗೆ ಹಲಗೆ ಹೊಡೆದು ಮೂರು ವರ್ಷ, ಆದರೂ ಒಳಗೆ ಯಾರೋ ಈಗ ತಾನೇ ಕೈ ತೊಳೆದಿದ್ದರು. ಕಳ್ಳರೋ, ಕುಡುಕರೋ, ಇನ್ನೆಂಥವರೋ. ಮೇಷ್ಟ್ರನ್ನು ಕೂಗೋಣವೆಂದರೆ, ಒಂಬತ್ತು ತಿಂಗಳು ನೀನು ಏನು ನೋಡಿದೆ ಅಂತ ಅವರು ಕೇಳುತ್ತಾರೆ. ಪೊಲೀಸರನ್ನು ಕರೆದರೆ ಕಟ್ಟಡ ಖಾಲಿಯಿಲ್ಲ ಅಂತ ನಾವೇ ಬರೆದುಕೊಟ್ಟ ಹಾಗಾಗುತ್ತದೆ. ಬೇರೆ ದಾರಿಯಿರಲಿಲ್ಲ. ಕೊಕ್ಕೆಯನ್ನು ಕೈಯಲ್ಲಿ ಬಿಗಿಯಾಗಿ ಹಿಡಿದು ಹಿತ್ತಲಿನ ಬಿದ್ದ ಗೋಡೆ ದಾಟಿದೆ.

ಹಿಂಬಾಗಿಲಿನ ಕೆಳಗಿನ ಹಲಗೆಯನ್ನು ಯಾರೋ ಕಿತ್ತು ಮತ್ತೆ ಹಾಗೆಯೇ ಒರಗಿಸಿಟ್ಟಿದ್ದರು. ತೆವಳಿ ಒಳಗೆ ಹೋದೆ. ಧೂಳಿನ ವಾಸನೆ, ಪಾರಿವಾಳದ ಹಿಕ್ಕೆ. ಮೆಟ್ಟಿಲಿನ ನಡುವೆ ಮಾತ್ರ ಧೂಳಿರಲಿಲ್ಲ. ಒಂದೊಂದು ಮೆಟ್ಟಿಲು ಹತ್ತುವಾಗಲೂ ಹಿಂತಿರುಗಿ ಓಡಿಬಿಡೋಣ ಅನ್ನಿಸಿತು. ಮೇಲಿನ ಮೆಟ್ಟಿಲಲ್ಲಿ ಒಬ್ಬಳು ಹೆಂಗಸು ಕತ್ತರಿ ಹಿಡಿದು ನಿಂತಿದ್ದಳು.

ನನ್ನ ಕೈಯಲ್ಲಿ ಕೊಕ್ಕೆ, ಅವಳ ಕೈಯಲ್ಲಿ ಕತ್ತರಿ. ಅವಳ ಹಿಂದೆ ಐದಾರು ವರ್ಷದ ಹೆಣ್ಣುಮಗು. ಹೆದರಿದ ಮಗು ಅಳುತ್ತದೆ ಅಂತ ನನ್ನ ಲೆಕ್ಕ. ಈ ಮಗು ಎರಡೂ ಕೈಯಿಂದ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಿತ್ತು.

"ಅವರು ಕಳಿಸಿದ್ರಾ?" ಅಂದಳು ಹೆಂಗಸು.

"ಯಾರು?"

"ಬಿಳಿ ತಲೆಯವರು. ದಿನಾ ಎದುರು ಬೆಂಚಿನ ಮೇಲೆ ಕೂತು ಈ ಕಡೆನೇ ನೋಡ್ತಾರೆ. ಬರ್ಕೋತಾರೆ. ನನ್ನ ಗಂಡ ಇಟ್ಟಿರೋ ಮನುಷ್ಯ ಅವರು, ನಂಗೊತ್ತು."

ನಮ್ಮ ಮೇಷ್ಟ್ರು ಒಂದು ಇರುವೆಗೂ ಗದರಿದವರಲ್ಲ. ಬೇರೆ ಹೊತ್ತಾಗಿದ್ದರೆ ನಕ್ಕುಬಿಡುತ್ತಿದ್ದೆ. "ನಾನು ನೀರಿನವಳು. ಮೀಟರು ಓದೋಳು," ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಕತ್ತರಿ ಕೆಳಗಿಳಿಯಿತು. "ನೀವಾ? ನಿಮ್ಮನ್ನ ಬಚ್ಚಲ ಕಿಟಕಿಯಿಂದ ನೋಡ್ತಿರ್ತೀನಿ ಅಕ್ಕ. ತಿಂಗಳಿಗೊಂದು ಸಲ ಬರ್ತೀರಿ, ಕಲ್ಲಿನ ಮೇಲೆ ನಿಂತು ಬರೀತೀರಿ, ಹೋಗ್ತೀರಿ. ಒಂದ್ಸಲನೂ ಬಗ್ಗಿ ನೋಡಲಿಲ್ಲ. ಈಯಮ್ಮಂಗೆ ಗೊತ್ತಿದೆ, ಗೊತ್ತಿದ್ದೂ ಹೊಟ್ಟೆಗೆ ಹಾಕ್ಕೊಂಡು ಹೋಗ್ತಿದಾರೆ ಅಂತ ನಾನು ಎಷ್ಟು ಸಲ ಕೈ ಮುಗಿದಿದೀನಿ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನನ್ನ ಸೋಮಾರಿತನಕ್ಕೆ ಇವಳು ಕೈ ಮುಗಿದಿದ್ದಳು.

ಅವಳಿದ್ದದ್ದು ಬಚ್ಚಲಿಗೆ ಅಂಟಿದ ಮೂಲೆಯ ಕೋಣೆಯಲ್ಲಿ. ಒಂದು ಚಾಪೆ, ಒಂದು ಬಕೆಟ್ಟು, ಸಿದ್ಧ ಉಡುಪಿನ ಕಾರ್ಖಾನೆಯಿಂದ ತಂದ ಅಂಗಿಗಳ ಗಂಟು. ಹಗಲು ಹಲಗೆಯ ಸಂದಿಯ ಬೆಳಕಿನಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಾಳೆ. ಬೆಂಚು ಖಾಲಿಯಿರುವ ಹೊತ್ತು ನೋಡಿ ಹಿತ್ತಲಿನಿಂದ ಹೋಗಿ ಕೊಟ್ಟು ಬರುತ್ತಾಳೆ. ಗಂಡನ ವಿಷಯ ಹೆಚ್ಚು ಹೇಳಲಿಲ್ಲ. ಎಡಗೈಯ ಎರಡು ಬೆರಳು ಸೊಟ್ಟಗೆ ಕೂಡಿಕೊಂಡಿದ್ದವು, ಅದನ್ನು ನೋಡಿ ನಾನೂ ಕೇಳಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಕಾಲು ಮುರಿದ ಒಂದು ಮಂಚದ ಅಂಚಿನಲ್ಲಿ ಕೂತು, ಮೆತ್ತಗಿನ ದನಿಯಲ್ಲಿ, ಅವಳನ್ನು ಅಲ್ಲಿಂದ ಏಳಿಸಿದೆ. "ಗುರುವಾರ ಹತ್ತು ಗಂಟೆಗೆ ಅಧಿಕಾರಿಗಳು ಬರ್ತಾರೆ. ಕೋಣೆ ಕೋಣೆ ನೋಡ್ತಾರೆ. ಅಷ್ಟರೊಳಗೆ ನೀವು ಇಲ್ಲಿರಬಾರದು. ಬುಧವಾರವೇ ಹೊರಟುಬಿಡಿ. ಹೋಗುವಾಗ ಬಚ್ಚಲ ನಲ್ಲಿ ಒಂದು ಚೂರು ತೆರೆದಿಡಿ, ಸೋರೋ ಹಾಗೆ." ಸೋರಿಕೆಯನ್ನು ಬಳಕೆ ಅಂತ ಲೆಕ್ಕ ಹಿಡಿಯುವುದಿಲ್ಲ. ಏಳು ಯೂನಿಟ್ಟಿಗೆ ಅದೊಂದೇ ಉತ್ತರ ನನಗೆ ಹೊಳೆದದ್ದು.

"ಆಮೇಲೆ ಇಲ್ಲಿಗೆ ಯಾರು ಬರ್ತಾರೆ?" ಅಂದಳು.

"ಮನೆಯಿಲ್ಲದವರು. ಇಪ್ಪತ್ತೆರಡು ಸಂಸಾರದ ಪಟ್ಟಿ ಇದೆ."

ಅವಳು ಮಗುವನ್ನು ಹತ್ತಿರ ಎಳೆದುಕೊಂಡಳು. "ನಮ್ಮನ್ನೂ ಆ ಪಟ್ಟಿಗೆ ಸೇರಿಸ್ತೀರಾ ಅಕ್ಕ?"

ಪಟ್ಟಿಯಲ್ಲಿ ಜಾಗವಿರಲಿಲ್ಲ. ಒಬ್ಬರು ಒಳಗೆ ಬರಬೇಕೆಂದರೆ ಒಬ್ಬರು ಹೊರಗೆ ಹೋಗಬೇಕು. "ನೋಡೋಣ," ಅಂದೆ. ಆಫೀಸಿನವರ ಬಾಯಲ್ಲಿ ಈ ಒಂದು ಮಾತು ಕೇಳಿ ಕೇಳಿ ನಾವು ಎಷ್ಟು ಶಾಪ ಹಾಕಿದ್ದೆವೋ, ಅದೇ ಮಾತು. ಎಲ್ಲಿಗೆ ಹೋಗ್ತೀರಿ ಅಂತ ಕೇಳಲಿಲ್ಲ. ಕೇಳಿದ್ದರೆ ಅವಳು ಉತ್ತರ ಹೇಳುತ್ತಿದ್ದಳು, ಅದನ್ನು ನಾನು ಹೊತ್ತುಕೊಂಡು ತಿರುಗಬೇಕಾಗುತ್ತಿತ್ತು.

ಮಂಗಳವಾರ, ಬುಧವಾರ ಹೇಗೋ ಬೀದಿ ಸುತ್ತಿದೆ. ಅವಳು ಹೋಗದಿದ್ದರೆ ಅನ್ನುವ ಭಯ ಒಂದು ಕಡೆ, ಹೋದರೆ ಅನ್ನುವ ಭಯ ಇನ್ನೊಂದು ಕಡೆ. ತಂಗಿ ಆಗಲೇ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿದ್ದಳು. ಮಕ್ಕಳು ಹೊಸ ಕೋಣೆಯ ಕಿಟಕಿ ಯಾರದು ಅಂತ ಜಗಳಕ್ಕೆ ಬಿದ್ದಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡ ಕಣೇ ಅಂತ ಸುಮ್ಮಸುಮ್ಮನೆ ರೇಗಿದೆ.

"ನಿನಗೇನಾಗಿದೆಯೇ ಅಕ್ಕ? ದೆವ್ವ ಕಂಡೋಳ ಹಾಗೆ ಮಾಡ್ತಿದೀಯ," ಅಂದಳು.

"ಬಿಸಿಲು," ಅಂದೆ.

ಗುರುವಾರ ಹತ್ತಕ್ಕೆ ಸರಿಯಾಗಿ ಎಲ್ಲರೂ ಹಿಂದಿನ ಓಣಿಯಲ್ಲಿ ಸೇರಿದೆವು. ಅಧಿಕಾರಿ ಗಿಡ್ಡನೆಯ, ಅವಸರದ ಮನುಷ್ಯ. ವಕೀಲ ನಗುನಗುತ್ತಾ ಕೈಯಲ್ಲಿ ಬೀಗದ ಕೈಗೊಂಚಲು ಆಡಿಸುತ್ತಿದ್ದ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ನಾನು ಚಪ್ಪಡಿ ಎತ್ತಿದೆ. ಅಧಿಕಾರಿಯೇ ಬಗ್ಗಿ ಓದಿದ.

"ನಾನೂರ ಇಪ್ಪತ್ತು. ನಿಮ್ಮ ಪುಸ್ತಕದಲ್ಲಿ ನಾನೂರ ಹನ್ನೆರಡು ಇದೆ. ಎಂಟು ಯೂನಿಟ್ಟು ಯಾರಮ್ಮ ಕುಡಿದ್ರು?"

ಮೇಷ್ಟ್ರು ಸರಕ್ಕನೆ ನನ್ನ ಕಡೆ ತಿರುಗಿದರು. ಆ ನೋಟವನ್ನು ನಾನು ಎದುರಿಸಲಿಲ್ಲ.

"ಸೋರಿಕೆ ಸಾರ್," ಅಂದೆ. "ಹಳೇ ಪೈಪು. ಈ ತಿಂಗಳಲ್ಲೇ ಶುರುವಾಗಿರಬೇಕು. ಒಳಗೆ ಯಾವುದೋ ನಲ್ಲಿ ಸೋರ್ತಾ ಇದೆ."

"ಸೋರ್ತಾ ಇದ್ರೆ ಈ ಕೆಂಪು ಚಕ್ರ ತಿರುಗಬೇಕಲ್ವಾ?"

ಬಗ್ಗಿ ನೋಡಿದೆ. ಚಕ್ರ ನಿಂತಿತ್ತು. ಅವಳು ನಲ್ಲಿ ತೆರೆದಿಟ್ಟು ಹೋಗಿರಲಿಲ್ಲ. ಮರೆತಿರಬೇಕು. ವಕೀಲ ಕೈಗೊಂಚಲು ಆಡಿಸುವುದನ್ನು ನಿಲ್ಲಿಸಿದ. "ಸೋರಿಕೆ ಇಲ್ಲ ಅಂದ್ಮೇಲೆ ಬಳಕೆ ಇದೆ ಅಂತಾಯ್ತು. ಬಳಕೆ ಇದ್ರೆ ಅರ್ಜಿ ವಜಾ. ಬರ್ಕೊಳ್ಳಿ ಸಾರ್," ಅಂದ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದ. ತಂಗಿಯ ಗೋಣಿಚೀಲ ನನ್ನ ಕಣ್ಣ ಮುಂದೆ ಬಂತು.

"ಸಾರ್, ತಿರುಗ್ತಿದೆ," ಅಂದರು ಮೇಷ್ಟ್ರು.

ಎಲ್ಲರೂ ಬಗ್ಗಿದೆವು. ಚಕ್ರ ಒಮ್ಮೆ ತಡವರಿಸಿ ಮೆಲ್ಲಗೆ ತಿರುಗತೊಡಗಿತ್ತು. "ನಿಂತು ನಿಂತು ಸೋರುತ್ತೆ ಅಂತ ಕಾಣುತ್ತೆ," ಅಂತ ಅಧಿಕಾರಿ ಗೊಣಗಿದ. ಮೇಷ್ಟ್ರ ಮುಖದಲ್ಲಿ ರಕ್ತ ವಾಪಸು ಬಂತು. ನನ್ನ ಮುಖದಲ್ಲಿ ಇದ್ದದ್ದೂ ಇಳಿಯಿತು. ನಲ್ಲಿ ತಾನಾಗಿ ತೆರೆದುಕೊಳ್ಳುವುದಿಲ್ಲ. ನಮ್ಮ ತಲೆಯ ಮೇಲಿನ ಕಿಟಕಿಯ ಹಿಂದೆ ಅವಳು ಕೂತಿದ್ದಳು. ಹೋಗಲು ಜಾಗವಿಲ್ಲದೆ ಉಳಿದಿದ್ದಳು, ನೀರಿನ ಸದ್ದಿಗೆ ಹೆದರಿ ನಲ್ಲಿ ನಿಲ್ಲಿಸಿದ್ದಳು, ನಮ್ಮ ಮಾತು ಕೇಳಿ ತೆರೆದಿದ್ದಳು.

"ನಡೀರಿ, ಒಳಗೆ ಹೋಗಿ ಆ ಸೋರಿಕೆ ನೋಡೇಬಿಡೋಣ," ಅಂದ ಅಧಿಕಾರಿ.

ಓಣಿ ಬಳಸಿ ಮುಂಬಾಗಿಲಿಗೆ ಬರಲು ಮೂರು ನಿಮಿಷ. ತುಕ್ಕು ಹಿಡಿದ ಬೀಗಕ್ಕೆ ವಕೀಲ ಒಂದೊಂದೇ ಕೀಲಿ ಹಾಕಿ ನೋಡಿದ್ದು ಇನ್ನೈದು ನಿಮಿಷ. ಓಡು, ಓಡು ಅಂತ ನನ್ನ ಎದೆ ಬಡಿದುಕೊಳ್ಳುತ್ತಿತ್ತು. ದಾರಿ ಗೊತ್ತಿರುವವಳ ಹಾಗೆ ಮೆಟ್ಟಿಲು ಹತ್ತಬಾರದೆಂದು ಬೇಕೆಂದೇ ಎಡವಿದೆ.

ಕೋಣೆ ಖಾಲಿಯಿತ್ತು. ಚಾಪೆಯಿಲ್ಲ, ಬಕೆಟ್ಟಿಲ್ಲ. ಬಚ್ಚಲಿನಲ್ಲಿ ನಲ್ಲಿ ಸಣ್ಣಗೆ ಹರಿಯುತ್ತಿತ್ತು. ಆದರೆ ಬಚ್ಚಲ ಬಾಗಿಲಿನಿಂದ ಹಿಂದಿನ ಮೆಟ್ಟಿಲಿನ ತನಕ ಧೂಳಿನ ಮೇಲೆ ಒದ್ದೆ ಹೆಜ್ಜೆಗಳಿದ್ದವು, ಒಂದು ಜೊತೆ ದೊಡ್ಡವು, ಪಕ್ಕದಲ್ಲಿ ಒಂದು ಜೊತೆ ಚಿಕ್ಕವು. ನಾನು ನೋಡಿದೆ. ಮೇಷ್ಟ್ರೂ ನೋಡಿದರು. ಅಧಿಕಾರಿ ಇನ್ನೂ ನಲ್ಲಿ ನೋಡುತ್ತಿದ್ದ.

ಮೇಷ್ಟ್ರು ಒಂದು ಕ್ಷಣವೂ ತಡಮಾಡಲಿಲ್ಲ. "ಸಾರ್, ಚಾವಣಿ ನೋಡಿ, ಬಿರುಕು," ಅಂತ ಕೋಲಿನಂತೆ ಕೈ ಎತ್ತಿ ತೋರಿಸಿದರು. ಅಧಿಕಾರಿಯೂ ವಕೀಲನೂ ತಲೆಯೆತ್ತಿದರು. ಅಷ್ಟರಲ್ಲಿ ನಾನು ಚಪ್ಪಲಿ ಎಳೆದುಕೊಂಡು ಆ ಹೆಜ್ಜೆಗಳ ಮೇಲೆಯೇ ನಡೆದೆ. ದೊಡ್ಡವು ಬೇಗ ಅಳಿಸಿದವು. ಚಿಕ್ಕವುಗಳ ಮುಂದೆ ಒಂದು ಗಳಿಗೆ ನಿಂತೆ, ಆಮೇಲೆ ಅವನ್ನೂ ತುಳಿದೆ. ನಲವತ್ತು ವರ್ಷ ಪಾಠ ಮಾಡಿದ ಮನುಷ್ಯ ಇಲ್ಲದ ಬಿರುಕಿನ ಬಗ್ಗೆ ಐದು ನಿಮಿಷ ಮಾತಾಡಿದರು. ಅಧಿಕಾರಿ ಬೇಸತ್ತು, "ಖಾಲಿ ಇದೆ, ಸೋರಿಕೆ ಇದೆ," ಅಂತ ಬರೆದು ಸಹಿ ಹಾಕಿದ.

ಅವರು ಹೋದ ಮೇಲೆ ಬೆಂಚಿನ ಮೇಲೆ ಕೂತು ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ಕುರ್ಚಿ ರೀಡಿಂಗ್ ಕೂಡ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಕಟ್ಟಡವನ್ನೇ ನೋಡುತ್ತಾ ಕೂತಿದ್ದರು.

"ನನ್ನ ನೋಡಿ ಹೆದರ್ತಿದ್ರಾ? ಆ ಮಗೂನೂ?"

"ಹೂಂ."

"ಕ್ಲಾಸಿಗೆ ನಾನು ಬೆತ್ತ ತಗೊಂಡು ಹೋದವನಲ್ಲಮ್ಮ," ಅಂದರು. ಕಣ್ಣು ಒರೆಸಿಕೊಂಡರು. ಆಮೇಲೆ ಎಂದೂ ಆ ಬೆಂಚಿನ ಮೇಲೆ ಕೂರಲಿಲ್ಲ.

ಸಂಜೆಯ ತನಕ ಇಬ್ಬರೂ ಹುಡುಕಿದೆವು. ಓಣಿಗಳು, ಬಸ್ ನಿಲ್ದಾಣ, ಅಂಗಿ ಕಾರ್ಖಾನೆ. ಕಾರ್ಖಾನೆಯಲ್ಲಿ, ಗುಂಡಿ ಹೊಲಿಯುವ ಆ ಹೆಂಗಸು ಅಂಗಿಗಳ ಗಂಟು ವಾಪಸು ಕೊಟ್ಟು, ಇನ್ನು ಬರೋದಿಲ್ಲ ಅಂದು ಹೋದಳು ಅಂದರು. ಅವಳ ಹೆಸರು ಅಲ್ಲಿಯೂ ಸರಿಯಾಗಿ ಬರೆದಿರಲಿಲ್ಲ. ಇಪ್ಪತ್ತೆರಡು ಸಂಸಾರಕ್ಕೆ ಸೂರು ಕೊಟ್ಟು, ಒದ್ದೆ ಕಾಲಿನಲ್ಲಿ ಮಗುವಿನ ಕೈ ಹಿಡಿದು ಅವಳು ಬೀದಿಗಿಳಿದಿದ್ದಳು. ಇಳಿಸಿದವಳು ನಾನು.

ತಿಂಗಳ ಕೊನೆಗೆ ಹಾಸ್ಟೆಲಿನ ಕಿಟಕಿಗಳ ಹಲಗೆ ಕಿತ್ತರು. ಕೋಣೆಗಳಿಗೆ ಚೀಟಿ ಎತ್ತಿದಾಗ ತಂಗಿಗೆ ಬಂದದ್ದು ಆ ಮೂಲೆಯ ಕೋಣೆಯೇ. ಅವಳಿಗೆ ವಿಷಯ ಹೇಳದೆ ನನಗೆ ಆ ಹೊಸಲು ದಾಟಲಾಗಲಿಲ್ಲ. ತಂಗಿಯ ಬಾಯಿ ದೊಡ್ಡದು. ಅರ್ಧ ಗಂಟೆ ನನ್ನನ್ನು ಹಿಗ್ಗಾಮುಗ್ಗಾ ಬೈದಳು, ಬಗ್ಗದ ಸೊಂಟಕ್ಕೆ ಬೆಂಕಿ ಹಾಕ ಅಂದಳು. ಆಮೇಲೆ ಗೋಣಿಚೀಲದಿಂದ ಆ ಹೂವಿನ ಬೆಡ್‌ಶೀಟು ಎಳೆದು ಕೋಣೆಯ ನಡುವೆ ಹಗ್ಗ ಕಟ್ಟಿ ಇಳಿಬಿಟ್ಟಳು.

"ನಮಗೆ ಅಭ್ಯಾಸ ಇದೆ. ಬಂದ್ರೆ ಆ ಕಡೆ ಇರಲಿ," ಅಂದಳು.

ಮೂರು ತಿಂಗಳಾಯಿತು. ಬೆಡ್‌ಶೀಟಿನ ಆ ಕಡೆ ಖಾಲಿಯಿದೆ. ಮಕ್ಕಳು ಅಲ್ಲಿ ಆಡಿದರೆ ತಂಗಿ ಗದರುತ್ತಾಳೆ.

ನಾನೀಗ ಎಲ್ಲ ಚಪ್ಪಡಿಯನ್ನೂ ಎತ್ತುತ್ತೇನೆ. ಬೀಗ ಬಿದ್ದ ಮನೆಗಳದ್ದನ್ನು ಮೊದಲು ಎತ್ತುತ್ತೇನೆ. ಚಕ್ರ ತಿರುಗುತ್ತಿದ್ದರೆ ಅಂತ ಹೆದರಿಕೆ, ನಿಂತಿದ್ದರೂ ಹೆದರಿಕೆ. ಮುಚ್ಚಿಹೋದ ಹಳೇ ಮುದ್ರಣಾಲಯವೊಂದು ಸಂಘದ ಮುಂದಿನ ಪಟ್ಟಿಯಲ್ಲಿದೆ. ನಲವತ್ತು ಸಂಸಾರ ಅದಕ್ಕಾಗಿ ಕಾಯುತ್ತಿವೆ. ನಿನ್ನೆ ಮಧ್ಯಾಹ್ನ ಅಲ್ಲಿನ ಚಪ್ಪಡಿ ಎತ್ತಿದೆ. ಕೆಂಪು ಚಕ್ರ ತಿರುಗುತ್ತಿತ್ತು.

ಕೊಕ್ಕೆಯನ್ನು ಕೆಳಗಿಟ್ಟು, ಬರಿಗೈಯಲ್ಲಿ, ಹಲಗೆ ಹೊಡೆದ ಕಿಟಕಿಯ ಹತ್ತಿರ ಹೋಗಿ ಆದಷ್ಟು ಮೆತ್ತಗೆ ಹೇಳಿದೆ. "ಹೆದರಬೇಡಿ. ನಾನು ನೀರಿನವಳು. ನೀವು ಹಾಸ್ಟೆಲಿನಲ್ಲಿದ್ದವರೇ ಆಗಿದ್ರೆ, ನಿಮಗೆ ಅರ್ಧ ಕೋಣೆ ಇಟ್ಟಿದೀವಿ. ಬೇರೆಯವರಾಗಿದ್ರೂ ಪರವಾಗಿಲ್ಲ, ಪಟ್ಟಿಯಲ್ಲಿ ನಿಮ್ಮದೇ ಮೊದಲನೇ ನಂಬರು ಮಾಡಿಸ್ತೀನಿ. ಈ ಸಲ ನೋಡೋಣ ಅನ್ನಲ್ಲ. ಬಾಗಿಲು ತೆಗೀರಿ."

ಒಳಗಿನಿಂದ ಏನೂ ಕೇಳಲಿಲ್ಲ. ತಿರುಗಿ ಬಂದು ಗುಂಡಿಯೊಳಗೆ ಬಗ್ಗಿ ನೋಡಿದೆ. ಚಕ್ರ ನಿಂತಿತ್ತು. ನನ್ನ ದನಿ ಕೇಳಿ ಯಾರೋ ನಲ್ಲಿ ನಿಲ್ಲಿಸಿದ್ದರು. ಒಳಗೆ ಯಾವುದೋ ಮಗು ಈಗ ತನ್ನ ಬಾಯಿ ಮುಚ್ಚಿಕೊಂಡು ನಿಂತಿರಬಹುದು, ನನಗೆ ಹೆದರಿ.

ಪುಸ್ತಕದಲ್ಲಿ ಆ ಕಟ್ಟಡದ ಮುಂದೆ ಯಾವ ಅಂಕಿಯನ್ನೂ ಬರೆಯಲಿಲ್ಲ. ಚಪ್ಪಡಿಯ ಪಕ್ಕದಲ್ಲೇ ನೆಲದ ಮೇಲೆ ಕೂತು, ಚಕ್ರ ಮತ್ತೆ ತಿರುಗುತ್ತದೇನೋ ಅಂತ ಸಂಜೆಯ ತನಕ ಕಾದೆ.